ಮೊಣಕಾಲಿಗೆ ಬೆಳಕು

ಅಯ್ಯೋ, ನಗ್ತೀರಲ್ಲ ಮೇಡಂ! ನಿಜವಾಗ್ಲೂ ಮೊಣಕಾಲಿಗೇ ಬಿಡೋದು. ಮುಖಕ್ಕಲ್ಲ. ಮುಖಕ್ಕೆ ಟಾರ್ಚ್ ಬಿಟ್ರೆ ಜನ ಜಗಳಕ್ಕೇ ನಿಲ್ತಾರೆ, "ಏನ್ರೀ, ಕಳ್ಳನ್ನ ಹಿಡೀತಿದೀರಾ?" ಅಂತಾರೆ. ಪಾದಕ್ಕೆ ಬಿಟ್ರೆ ಏನೋ ಬಿದ್ದಿದೆ ಅಂದ್ಕೊಂಡು ಬಗ್ಗಿ ಹುಡುಕ್ತಾರೆ. ಹಿಂದಿನ ಸಾಲಿನವರೂ ಸೇರ್ಕೊಂಡು ಹುಡುಕ್ತಾರೆ. ನಾಟಕ ಅಲ್ಲಿಗೆ ಮುಗೀತು! ಮೊಣಕಾಲಿಗೆ ಬಿಟ್ರೆ ಮಾತ್ರ ಸರಿಯಾಗಿ ಅರ್ಥ ಆಗುತ್ತೆ, ಈಗ ಏಳಬೇಕು ಅಂತ. ಮೊದಲು ಮೊಣಕಾಲು ಏಳುತ್ತೆ ಮೇಡಂ, ಮನಸ್ಸು ಆಮೇಲೆ ಏಳುತ್ತೆ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಥಿಯೇಟರ್ ಅಂದ್ರೆ ಸಿನಿಮಾದ್ದಲ್ಲ, ನಾಟಕದ್ದು. ಕತ್ತಲಲ್ಲಿ ಜನರನ್ನ ಅವರವರ ಸೀಟಿಗೆ ಕೂರಿಸೋದು, ಬೇರೆಯವರ ಸೀಟಲ್ಲಿ ಕೂತೋರನ್ನ ಎಬ್ಬಿಸೋದು, ಕೆಮ್ಮೋರಿಗೆ ನೀರು, ಮಾತಾಡೋರಿಗೆ… ಹೂಂ, ನಾನೇ! ಮಾತಾಡೋರನ್ನ ಸುಮ್ಮನಿರಿಸೋಳು ನಾನೇ. ನಂಬಿಕೆ ಬರಲ್ಲ ಅಲ್ವಾ? ಈಗ ಐದು ಗಂಟೆ ಹೊತ್ತಿಂದ ನಿಮ್ಮ ತಲೆ ತಿಂತಾ ಇದೀನಿ. ಆ ಪುಸ್ತಕದಲ್ಲಿ ಬೆರಳಿಟ್ಕೊಂಡು ಕೂತಿದೀರಿ, ವಿಮಾನ ಹತ್ತಿದಾಗ ಯಾವ ಪುಟದಲ್ಲಿತ್ತೋ ಆ ಬೆರಳು ಅಲ್ಲೇ ಇದೆ ಪಾಪ. ಓದಿ ಓದಿ. ನಾನು ಬಾಯಿ ಮುಚ್ಕೋತೀನಿ.

ಆದ್ರೆ ಮಗು ಅತ್ರೆ ಏನ್ ಮಾಡ್ತೀನಿ ಅಂತ ಕೇಳಿದ್ರಲ್ಲ, ಅದೊಂದು ಹೇಳಿಬಿಡ್ತೀನಿ. ಮೂರು ನಿಮಿಷ. ಮೂರು ನಿಮಿಷ ಕಾಯೋದು. ಅಷ್ಟರಲ್ಲಿ ನಿಲ್ಲದೇ ಇದ್ರೆ ಹೋಗೋದು, ಅಮ್ಮನ ಮೊಣಕಾಲಿಗೆ ಬೆಳಕು ಬಿಟ್ಟು ನಿಂತ್ಕೊಳ್ಳೋದು. ಒಂದು ಮಾತು ಆಡಬಾರದು! ಅದೇ ಗುಟ್ಟು. "ದಯವಿಟ್ಟು ಹೊರಗೆ ಹೋಗಿ" ಅಂದ್ರೆ ಅವರಿಗೆ ಹಿಡ್ಕೊಳ್ಳೋಕೆ ಒಂದು ಮಾತು ಸಿಗುತ್ತೆ. "ಯಾಕ್ರೀ ಹೋಗ್ಬೇಕು? ನಾವೂ ಟಿಕೆಟ್ ತಗೊಂಡಿದೀವಿ" ಅಂತಾರೆ. ಸುಮ್ನೆ ನಿಂತ್ರೆ ಏನು ಹೇಳ್ತಾರೆ? ಮೊದಲು ನಿಮ್ಮ ಕಡೆ ನೋಡಿ ನಗ್ತಾರೆ. ಆಮೇಲೆ "ಈಗ ಸರಿಯಾಗುತ್ತೆ" ಅಂತಾರೆ. ಆಮೇಲೆ "ಅವನಿಗೆ ಹಲ್ಲು ಬರ್ತಿದೆ" ಅಂತಾರೆ. ಎಲ್ಲ ಕಾರಣಾನೂ ಅವರೇ ಹೇಳಿ ಮುಗಿಸ್ತಾರೆ. ಕೊನೆಗೆ ಹೇಳೋಕೇನೂ ಉಳಿಯಲ್ಲ ನೋಡಿ, ಎದ್ದು ಬರ್ತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!

ಟಾರ್ಚ್ ಮುಟ್ಟಿ ಹದಿನಾಲ್ಕು ತಿಂಗಳಾಯ್ತು. ಕೈ ಕಡಿಯುತ್ತೆ.

ಯಾಕೆ ಅಂದ್ರೆ… ರಜೆ. ಸುಮ್ನೆ ರಜೆ. ಸ್ವಲ್ಪ ಉದ್ದದ ರಜೆ. ಈ ಕಂಬಳಿ ನೋಡಿ ಮೇಡಂ, ಎಷ್ಟು ಮೆತ್ತಗಿದೆ!

ಕೇಳಿಸ್ತಾ? ಮತ್ತೆ ಶುರುವಾಯ್ತು ಆ ಮಗು ಅಳು. ಪರದೆಯ ಹಿಂದೆ, ಎಕಾನಮಿ ಕಡೆಯಿಂದ. ಇಷ್ಟು ದಪ್ಪ ಪರದೆ ಹಾಕಿದಾರೆ, ಆದ್ರೂ ಬರುತ್ತೆ ನೋಡಿ. ಮುಂದಿನ ಸೀಟಿನ ಟೈ ಸಾಹೇಬ್ರು ಆಗಲೇ ಬೆಲ್ ಒತ್ತಿದ್ರು. ಪಾಪ ಆ ನೀಲಿ ಸ್ಕಾರ್ಫಿನ ಗಗನಸಖಿ ಹುಡುಗಿ ಏನ್ ಮಾಡ್ತಾಳೆ, ಅಳು ನಿಲ್ಲಿಸೋಕೆ ಅವಳೇನು ನಲ್ಲಿಯಾ ತಿರುಗಿಸ್ತಾಳೆ? ಆದ್ರೂ ಸಾಹೇಬ್ರು ಹೇಳೋದ್ರಲ್ಲಿ ಸ್ವಲ್ಪ… ಸ್ವಲ್ಪ ನ್ಯಾಯ ಇದೆ. ಟಾರ್ಚಿನವಳ ಕಣ್ಣಲ್ಲಿ ನೋಡಿದ್ರೆ ಇದಕ್ಕೆಲ್ಲ ಒಂದು ನಿಯಮ ಬೇಕು. ಮುಂದೆ ಬಿಸಿನೆಸ್ ಕ್ಲಾಸಲ್ಲಿ ಕೂತೋರು ನಿದ್ದೆಗೆ ಅಂತಲೇ ಬಂದಿರ್ತಾರೆ. ಅಲ್ಲಿಗೆ ಎಳೆ ಮಗು ಕರ್ಕೊಂಡು ಬರೋದು ಅಂದ್ರೆ ದುರಂತ ನಾಟಕದ ಮೊದಲ ಸಾಲಲ್ಲಿ ತುತ್ತೂರಿ ಹಿಡ್ಕೊಂಡು ಕೂತ ಹಾಗೆ. ಬರಲೇಬೇಕು ಅಂದ್ರೆ ಬರಲಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ಏರುವಾಗ ಇಳಿಯುವಾಗ ಬಾಯಿಗೆ ಏನಾದ್ರೂ ಕೊಟ್ಟಿರಬೇಕು, ಸದ್ದು ಮಾಡೋ ಆಟಿಕೆ ತರಬಾರದು, ಮುಂದಿನ ಸೀಟಿಗೆ ಒದೆಯೋಕೆ ಬಿಡಬಾರದು, ಅಳು ಮೂರು ನಿಮಿಷ ದಾಟಿದ್ರೆ ಎತ್ಕೊಂಡು ಬಾಗಿಲ ಹತ್ರ ಹೋಗ್ಬೇಕು. ಅಕ್ಕಪಕ್ಕದೋರ ಹತ್ರ ಮೊದಲೇ ಒಂದು ಮಾತು, "ಸ್ವಾಮಿ, ಸ್ವಲ್ಪ ಹೊಂದಿಸ್ಕೊಳ್ಳಿ" ಅಂತ. ಅಷ್ಟು ಮಾಡಿದ್ರೆ ಯಾರೂ ಕಲ್ಲು ಹೊಡೆಯಲ್ಲ.

ಆಂ? ಮಗೂನ ಹಿಂದೆ ಬಿಟ್ಟು ಅಪ್ಪನೋ ಅಮ್ಮನೋ ಒಬ್ರೇ ಮುಂದೆ ಬಂದು ಕೂತ್ರೆ?

ಅದು… ಅದಕ್ಕೆ ನಿಯಮ ಇಲ್ಲ. ಅದು ಅವರವರ ಮನೆ ವಿಷಯ. ಯಾಕೆ ಕೇಳ್ತೀರಾ?

ನನಗಾ? ಇಲ್ಲಪ್ಪ! ನನಗೆಲ್ಲಿ ಮಕ್ಕಳು. ಇಲ್ಲ, ಇಲ್ಲ. ಒಬ್ಬಳೇ ಇದೀನಿ. ಅಕ್ಕನ್ನ ನೋಡೋಕೆ ಹೋಗ್ತಿದೀನಿ ಅಂದ್ನಲ್ಲ, ಒಬ್ಬಳೇ, ಹಾಯಾಗಿ. ಮೂರು ಸಲ 'ಇಲ್ಲ' ಅಂದ್ನಾ? ಎಣಿಸ್ತಿದೀರಾ ನೀವು? ಪುಸ್ತಕ ಓದಿ ಮೇಡಂ.

ಈ ಗುಂಡಿ ನೋಡಿದ್ರಾ? ಇದು ಒತ್ತಿದ್ರೆ ಕಾಲು ಏಳುತ್ತೆ, ಇದು ಒತ್ತಿದ್ರೆ ಬೆನ್ನು ಮಲಗುತ್ತೆ, ಎರಡೂ ಒಟ್ಟಿಗೆ ಒತ್ತಿದ್ರೆ… ಹೋಯ್! ಹಾಸಿಗೆ! ಆಹಾ. ಇಷ್ಟು ನೇರವಾಗಿ ಕಾಲು ಚಾಚಿ ಎಷ್ಟು ಕಾಲ ಆಯ್ತೋ. ನಮ್ಮನೇಲಿ ಮಂಚದ ಅಂಚು ಮಾತ್ರ ನನಗೆ, ಒಂದು ಗೇಣು. ಉಳಿದ ಮಂಚ ಪೂರ್ತಿ ಅಡ್ಡಡ್ಡ ಮಲಗೋ ಮಹಾರಾಣಿ… ಬೆಕ್ಕು. ಬೆಕ್ಕು ಸಾಕಿದೀವಿ. ಸಾಕಿದೀನಿ. ಬಹಳ ದೊಡ್ಡ ಬೆಕ್ಕು.

ತಡೀರಿ, ಟಾರ್ಚ್ ಹಿಡಿದಿರೋ ಫೋಟೊ ತೋರಿಸ್ತೀನಿ, ಸಮವಸ್ತ್ರದಲ್ಲಿ ನನ್ನ ಗತ್ತು ನೋಡಬೇಕು ನೀವು… ಫೋನು ಎಲ್ಲಿ… ಈ ಚೀಲದಲ್ಲಿ ಬೇಕಾದ್ದೊಂದು ಬಿಟ್ಟು ಎಲ್ಲಾ ಸಿಗುತ್ತೆ… ಬಿತ್ತಾ? ಏನು ಬಿತ್ತು? ಕೊಡಿ ಕೊಡಿ.

ಇದಾ? ಇದು… ಕನ್ನಡಕದ ಚೀಲ. ಉಣ್ಣೇದು. ಹೌದು, ಕಾಲುಚೀಲದ ಥರಾನೇ ಇದೆ. ಹಿಮ್ಮಡಿ ಇದೆಯಾ? ಇರಬಹುದು, ಈಗಿನ ಫ್ಯಾಷನ್ನು. ಕನ್ನಡಕ ಹಾಕಲ್ಲ ನಿಜ. ಮುಂದೆ ಬೇಕಾಗುತ್ತಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರೆ ಅಂತಾರಲ್ಲ, ಹಾಗೆ ಕನ್ನಡಕ ಬರೋಕೆ ಮುಂಚೆ… ಕೂಸಿನ ಮಾತು ಯಾಕೆ ತೆಗೆದೆ ನಾನೀಗ! ಥೂ. ನಗಿ ನಗಿ, ನಿಮಗೇನು.

ಮೇಡಂ, ಒಂದು ಸಣ್ಣ ಉಪಕಾರ. ಬೇಜಾರಾಗಬೇಡಿ. ನಿಮ್ಮ ಸ್ಕ್ರೀನಲ್ಲಿ ಆ ನಕ್ಷೆ ಇದೆಯಲ್ಲ, ಪುಟ್ಟ ವಿಮಾನ ಗೆರೆ ಮೇಲೆ ಹೋಗ್ತಾ ಇರೋದು, ಅದನ್ನ ತೆಗೆದು ಏನಾದ್ರೂ ಸಿನಿಮಾ ಹಾಕ್ತೀರಾ? ನನ್ನದಕ್ಕೆ ನಾನು ಆಗಲೇ ಶಾಲು ಹೊದಿಸಿದೀನಿ. ಏನಿಲ್ಲ, ಅದು ಕಣ್ಣಿಗೆ ಬಿದ್ರೆ ನನಗೆ ಬೇರೇನೂ ನೋಡೋಕಾಗಲ್ಲ. ಎಂಟು ಗಂಟೆ ದಾರಿ, ಐದೂಮುಕ್ಕಾಲು ಆಯ್ತು, ಅರ್ಧ ದಾಟಿ ಒಂದೂಮುಕ್ಕಾಲು… ಲೆಕ್ಕ ಇಟ್ಟಿಲ್ಲ ನಾನು, ಸುಮ್ನೆ ಬಾಯಿಗೆ ಬಂತು. ಗೊತ್ತು, ದಾರಿಯ ಅರ್ಧ ಅಂದ್ರೆ ಅರ್ಧ, ನಕ್ಷೆ ಮುಚ್ಚಿದ್ರೆ ವಿಮಾನ ನಿಲ್ಲಲ್ಲ. ಆದ್ರೂ.

ಥ್ಯಾಂಕ್ಸ್. ಆಹಾ, ಅಡುಗೆ ಸಿನಿಮಾ. ಒಳ್ಳೇದು.

ಬಂತು ಬಂತು, ತಿಂಡಿ ಬಂತು! ಈ ಹುಡುಗಿ ಬಂದ್ರೆ ನನಗೆ ಎದೆ ಧಸಕ್ ಅನ್ನುತ್ತೆ, ಈ ಸಲ ಟ್ರೇ ತಂದಿದಾಳೆ, ಸದ್ಯ. ಸೂಪಾ? ಇಬ್ರಿಗೂ ಕೊಡಮ್ಮ. ಪಿಂಗಾಣಿ ಬಟ್ಟಲು ಮೇಡಂ! ಹಿಂದೆ ಕಾಗದದ ಲೋಟ… ಹಿಂದೆ ಅಂದ್ರೆ ಹಿಂದೆಲ್ಲ ಹೋಗಿದ್ದಾಗ. ಈ ಬಟ್ಟೆ ಕುತ್ತಿಗೆಗೆ ಸಿಗಿಸ್ಕೊಳ್ಳಿ, ಬೀಳುತ್ತೆ. ಹಾಂ, ಹೀಗೆ. ಬಿಸಿ ಇದೆ, ನಿಧಾನ. ಉಫ್… ಉಫ್… ಉಫ್… ಈಗ ಸರಿ ಹೋಯ್ತು. ಆಲೂಗಡ್ಡೆ ದೊಡ್ಡದಾಯ್ತು, ಹೀಗೆ ನಾಲ್ಕು, ಮತ್ತೆ ಅಡ್ಡಕ್ಕೆ ನಾಲ್ಕು, ಸಿಪ್ಪೆ ಬೇಡ, ಗಂಟಲಿಗೆ ಅಂಟ್ಕೊಳ್ಳುತ್ತೆ. ಬ್ರೆಡ್ಡಿನ ಅಂಚು ತೆಗೆದಿದೀನಿ. ಆ… ಮಾಡಿ…

ಅಯ್ಯೋ ದೇವರೇ.

ಇದು ನಿಮ್ಮ ತಟ್ಟೆ.

ಕ್ಷಮಿಸಿ ಮೇಡಂ! ಅದು ಹೇಗೋ… ಕೈ ತಾನಾಗೇ… ಚಮಚ ನಿಮ್ಮ ಬಾಯಿವರೆಗೂ ಬಂದುಬಿಡ್ತಲ್ಲ! ನೀವಾದ್ರೂ ತಡೀಬಾರದಾ? ತಿಂದೇ ಬಿಟ್ರಾ! ಒಳ್ಳೆ ಹುಡುಗಿ… ಅಂದ್ರೆ, ಒಳ್ಳೆಯವರು ನೀವು. ಇದು ನಮ್ಮ ಕೆಲಸದ ಅಭ್ಯಾಸ. ಥಿಯೇಟರಲ್ಲಿ… ಥಿಯೇಟರಲ್ಲಿ ಯಾರಿಗೂ ತಿನ್ನಿಸಲ್ಲ ನಿಜ. ಬೆಕ್ಕು! ಬೆಕ್ಕಿಗೆ ತಿನ್ನಿಸಿ ಅಭ್ಯಾಸ. ಆಲೂಗಡ್ಡೆ ತಿನ್ನುತ್ತೆ, ಹೌದು. ಅಪರೂಪದ ಬೆಕ್ಕು.

ಮತ್ತೇನೇನು ಮಾಡಿದೆ ನಾನು? ಹೇಳಿಬಿಡಿ, ಮುಚ್ಚಿಡಬೇಡಿ. ನೀವು ಆಗ ಕಣ್ಣು ಮುಚ್ಚಿದಾಗ ನಿಮ್ಮ ತೊಡೆ ತಟ್ಟಿದ್ನಾ? ತಟ್ಟಿದೆ. ಹಾಡೂ ಹೇಳಿದೆ? ಅಯ್ಯಯ್ಯೋ. ಬಾತ್‌ರೂಮಿನ ಹತ್ರ ಕಾಯುವಾಗ ನಿಂತಲ್ಲೇ ತೂಗಾಡ್ತಿದ್ದೆ ಅಂತೀರಾ? ಅದು ವಿಮಾನ ತೂಗಾಡಿದ್ದು! ಎಲ್ಲರೂ ನೆಟ್ಟಗೆ ನಿಂತಿದ್ರು, ನಾನೊಬ್ಬಳೇ… ಸರಿ ಬಿಡಿ. ಇದಕ್ಕೆಲ್ಲ ಏನು ಮಹಾ ಅರ್ಥ ಇರುತ್ತೆ.

ಹೂಂ, ಆಮೇಲೆ ನಾನೂ ನಿದ್ದೆ ಹೋದ್ನಲ್ಲ, ಊಟ ಆದಮೇಲೆ, ಹತ್ತು ನಿಮಿಷ. ಗೊರಕೆ ಹೊಡೆದ್ನಾ? ಯಾಕೆ ಹಾಗೆ ನೋಡ್ತೀರಾ? ಗೊರಕೆ ಚೆನ್ನಾಗಿತ್ತು ಅಂದ್ರೆ ಏನರ್ಥ? ಗೊರಕೆಯಲ್ಲಿ ಚೆನ್ನಾಗಿರೋದು ಚೆನ್ನಾಗಿಲ್ಲದ್ದು ಅಂತ ಇರುತ್ತಾ?

ಕೇಳಿ. ಕೇಳಿ, ಜೋರಾಯ್ತು.

ಇದು ಹಸಿವಿನ ಅಳು ಅಲ್ಲ. ಹಸಿವಾದ್ರೆ 'ಅ' ಇಂದ ಶುರುವಾಗುತ್ತೆ, ನಿಲ್ಲಿಸಿ ನಿಲ್ಲಿಸಿ ಬರುತ್ತೆ. ಇದು ಕಿವೀದು. ಕಿವಿ ಕಟ್ಕೊಂಡಿದೆ. ಎಡಗಿವಿ. ಅದಕ್ಕೆ ಅವಳನ್ನ ಬಲಹೆಗಲಿಗೆ ಹಾಕ್ಕೋಬೇಕು, ಎಡಕ್ಕೆ ಹಾಕ್ಕೊಂಡ್ರೆ ಇನ್ನೂ ರೇಗ್ತಾಳೆ. ಬಲಹೆಗಲಿಗೆ ಹಾಕಿ, ಬೆನ್ನು ತಟ್ಟಬಾರದು, ಸವರಬೇಕು, ಕೆಳಗಿಂದ ಮೇಲಕ್ಕೆ. ಅವರು ತಟ್ತಾ ಇದಾರೆ, ಖಂಡಿತ ತಟ್ತಾ ಇದಾರೆ, ಟಕ್ ಟಕ್ ಟಕ್ ಅಂತ ಸೆಕೆಂಡ್ ಮುಳ್ಳಿನ ಹಾಗೆ. ಎಷ್ಟು ಸಲ ಹೇಳಿದೀನಿ…

ಏನು? ಹೆಣ್ಣು ಅಂತ ಹೇಗೆ ಗೊತ್ತಾಯ್ತಾ? ದನಿಯಲ್ಲೇ ಗೊತ್ತಾಗುತ್ತೆ ಮೇಡಂ. ಹನ್ನೊಂದು ವರ್ಷ ಎಷ್ಟು ಮಕ್ಕಳ ಅಳು ಕೇಳಿದೀನಿ ನಾನು! ಕತ್ತಲಲ್ಲಿ ಕೂತ್ರೂ ಹೆಣ್ಣೋ ಗಂಡೋ, ಹಲ್ಲು ಬಂದಿದೆಯೋ ಇಲ್ಲವೋ ಹೇಳ್ತೀನಿ. ಇದಕ್ಕೆ ಆರು ಹಲ್ಲಿದೆ. ಮೇಲೆ ನಾಲ್ಕು ಕೆಳಗೆ ಎರಡು. ಅನುಭವ ಅಂದ್ರೆ ಅನುಭವ.

ಹುಬ್ಬು ಇಳಿಸಿ ಮೇಡಂ. ಹುಬ್ಬು ಏರಿಸಿ ಹಾಗೇ ಇಟ್ಕೊಂಡ್ರೆ ಸುಕ್ಕಾಗುತ್ತೆ.

ಏನಂದ್ರು? ಟೈ ಸಾಹೇಬ್ರು, ಏನೋ ಅಂದ್ರಲ್ಲ ಈಗ, ನೀಲಿ ಸ್ಕಾರ್ಫಿನವಳ ಹತ್ರ. "ಇಂಥೋರನ್ನೆಲ್ಲ ವಿಮಾನಕ್ಕೇ ಹತ್ತಿಸಬಾರದು"… ಅಂದ್ರಾ? "ಸಾಕೋಕೆ ಬಾರದೋರು ಯಾಕೆ ಹೆರ್ತಾರೆ"? ಹಾಗಂದ್ರಾ?

ಸಾರ್! ಸಾರ್, ಸ್ವಲ್ಪ ಹಿಂದೆ ತಿರುಗಿ. ಹೌದು, ನಿಮಗೇ ಹೇಳ್ತಿರೋದು. ನೀವು ಹುಟ್ಟಿದಾಗಲೇ ಟೈ ಕಟ್ಕೊಂಡು ಹುಟ್ಟಿದ್ರಾ? ಅಳಲೇ ಇಲ್ವಾ? ಹುಟ್ಟಿದ ತಕ್ಷಣ ಡಾಕ್ಟರಿಗೆ ಕೈಕುಲುಕಿ "ನಮಸ್ಕಾರ, ಸೇವೆ ತೃಪ್ತಿಕರವಾಗಿತ್ತು" ಅಂದ್ರಾ? ಊಟ ಆದಮೇಲೆ ನೀವು ಹೊಡೆದ ಗೊರಕೆಗೆ ನನ್ನ ಲೋಟದಲ್ಲಿ ನೀರು ಅಲ್ಲಾಡ್ತಿತ್ತು, ನಾವೇನಾದ್ರೂ ಬೆಲ್ ಒತ್ತಿದ್ವಾ? ಸಾಕೋಕೆ ಬರುತ್ತೆ ಸಾರ್! ಚೆನ್ನಾಗಿ ಬರುತ್ತೆ! ಅವಳಿಗೆ ಕಿವಿ ಕಟ್ಟಿದೆ, ಅಷ್ಟೇ. ನಿಮಗೆ ಕಿವಿ ಕಟ್ಟಿದ್ರೆ ನೀವು ಚ್ಯೂಯಿಂಗ್ ಗಮ್ ಅಗೀತೀರಿ, ಅವಳಿಗೆ ಅಗಿಯೋಕೆ ಬರಲ್ಲ, ಆರೇ ಹಲ್ಲು ಇರೋದು! ನಮ್ಮ ಬಟಾಣಿ ಸುಮ್ ಸುಮ್ನೆ ಅಳೋ ಮಗು ಅಲ್ಲ. ಬೇಕಾದ್ರೆ ನಮ್ಮ ಬೀದಿಯಲ್ಲಿ ಯಾರನ್ನಾದ್ರೂ ಕೇಳಿ!

ಹೂಂ. ತಿರುಗಿಕೊಳ್ಳಿ ಈಗ. ಸೂಪು ಆರುತ್ತೆ ನಿಮ್ಮದು.

ನೋಡಿದ್ರಾ ಮೇಡಂ, ಹೇಗೆ ಬಾಯಿ ಮುಚ್ಚಿಸಿದೆ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅನ್ನಲಿ! ನಮ್ಮ ಹೆಗ್ಗಣ ನಮಗೆ…

ಮೇಡಂ?

ನಗ್ತಾ ಇಲ್ವಲ್ಲ ನೀವು.

ಬಟಾಣಿ ಅಂದ್ನಾ ನಾನು? 'ನಮ್ಮ' ಅಂದ್ನಾ? ಜೋರಾಗಿ? ಆ ಸಾಲಿನವರಿಗೂ ಕೇಳಿಸ್ತಾ?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಹೆಗಲಲ್ಲ, ಕುಂಬಳಕಾಯೇ ಎತ್ತಿ ತೋರಿಸ್ಬಿಟ್ಟೆ.

ಸರಿ. ನನ್ನ ಮಗಳೇ. ಹದಿನಾಲ್ಕು ತಿಂಗಳು. ಬಟಾಣಿ ಅಂತ ಕರೀತೀವಿ, ಹುಟ್ಟಿದಾಗ ಹಾಗಿದ್ಲು, ದುಂಡಗೆ, ಹಸಿರು ಟವೆಲ್ಲಲ್ಲಿ. ಜೊತೆಗೆ ಇರೋದು ನಮ್ಮ ಮನೆಯವರು. ಬೆಕ್ಕು ಗಿಕ್ಕು ಏನಿಲ್ಲ, ಅಡ್ಡಡ್ಡ ಮಲಗೋ ಮಹಾರಾಣಿ ಅವಳೇ. ಆ ಕಾಲುಚೀಲದ ಇನ್ನೊಂದು ಅವಳ ಕಾಲಲ್ಲಿದೆ. ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಯಾವಾಗಿಂದ? ಸೂಪಿಂದಾನಾ? ಅದಕ್ಕೂ ಮುಂಚೆ?

ಮಾತಾಡಿ ಮೇಡಂ. ಇಷ್ಟು ಹೊತ್ತು ತಲೆಯಾದ್ರೂ ಅಲ್ಲಾಡಿಸ್ತಿದ್ರಿ.

ನಾನೇನೂ ಕದ್ದು ಬಂದು ಕೂತಿಲ್ಲ ಇಲ್ಲಿ. ಹಿಂದೆ ನನ್ನ ಸೀಟಿನ ಬೆಲ್ಟ್ ಕೆಟ್ಟಿತ್ತು, ಕೊಂಡಿ ಕೂರ್ತಾನೇ ಇರಲಿಲ್ಲ. ಬೆಲ್ಟಿಲ್ಲದ ಸೀಟಲ್ಲಿ ಕೂರಿಸೋ ಹಾಗಿಲ್ವಂತೆ, "ನಿಮ್ಮಲ್ಲಿ ಒಬ್ರಿಗೆ ಮುಂದೆ ಒಂದು ಸೀಟು ಕೊಡ್ತೀವಿ" ಅಂದ್ರು. ಒಬ್ರಿಗೆ! ಗಂಡ ಹೆಂಡತಿ ಮುಖ ಮುಖ ನೋಡ್ಕೊಂಡ್ವಿ. ಇಬ್ರೂ ಹದಿನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಮೇಡಂ. ಇಬ್ರ ಕಣ್ಣ ಕೆಳಗೂ ಒಂದೇ ಬಣ್ಣ. ಅವರೇ ಅಂದ್ರು, "ಮೊದಲು ನೀನು ಹೋಗು. ಮಲಗಿಬಿಡು" ಅಂತ.

ಹೌದು. 'ಮೊದಲು' ಅಂದ್ರು. ಕಿವಿ ಚುರುಕಾಗಿದೆ ನಿಮಗೆ.

ಯಾಕೆ ಸುಮ್ನೆ ನೋಡ್ತೀರಾ? ಎಲ್ಲ ಹೇಳಿದ್ನಲ್ಲ ಈಗ. ಇನ್ನೇನಿಲ್ಲ.

ಇನ್ನೇನೂ ಇಲ್ಲ ಅಂದೆ.

ಅರ್ಧ ಅರ್ಧ. ಮಾತಾಗಿದ್ದು ಅದು. ನಕ್ಷೆಯಲ್ಲಿ ವಿಮಾನ ಅರ್ಧ ದಾರಿಗೆ ಬಂದಾಗ ಬದಲಾಯಿಸ್ಕೊಳ್ಳೋದು. ನೀಲಿ ಸ್ಕಾರ್ಫಿನವಳನ್ನ ಕೇಳಿದ್ವಿ. "ಒಂದೇ ಒಂದು ಸಲ, ಸದ್ದಿಲ್ದೆ, ಬಸ್ಸಲ್ಲಿ ಓಡಾಡಿದ ಹಾಗೆ ಓಡಾಡಬೇಡಿ" ಅಂತ ಒಪ್ಪಿದ್ಲು ಪುಣ್ಯಾತ್ಗಿತ್ತಿ. ಸಮಯ ಆದಾಗ ತಾನೇ ಬಂದು ಕರೀತೀನಿ ಅಂದ್ಲು. ಬಂದ್ಲು ಕೂಡ. ನೀವು ನೋಡಿದ್ರಿ. ಊಟ ಮುಗಿಸಿ ಹರಟ್ತಾ ಇದ್ವಿ, ನಾನು ಆ ಖಳನಾಯಕನ ಮೀಸೆ ವೇದಿಕೆ ಮೇಲೇ ಕಿತ್ತು ಬಂದ ಕತೆ ಹೇಳ್ತಾ ಇದ್ದೆ. ಪರದೆ ಸರಿದು ಅವಳ ಸ್ಕಾರ್ಫ್ ಕಂಡಿದ್ದೇ ತಡ, ಅರ್ಧ ಮೀಸೆಗೇ ನಿಲ್ಲಿಸಿ ಕಣ್ಣು ಮುಚ್ಚಿದೆ. ಗೊರಕೆ ಹೊಡೆದೆ. ಹನ್ನೊಂದು ವರ್ಷ ನಟರನ್ನ ನೋಡಿ ಕಲಿತ ಗೊರಕೆ, ಚೆನ್ನಾಗೇ ಇರುತ್ತೆ.

ನೀವು ಅವಳಿಗೆ ಏನೂ ಹೇಳ್ಲಿಲ್ಲ. ರೆಪ್ಪೆ ಸಂದಿಯಿಂದ ನೋಡಿದೆ ನಾನು. ಬೆರಳು ತುಟಿ ಮೇಲಿಟ್ಟು "ಶ್" ಅಂದ್ರಿ, "ಮಲಗಿದಾಳೆ, ಬಿಡು" ಅನ್ನೋ ಹಾಗೆ. ಕಳ್ಳಿ ಜೊತೆ ನೀವೂ ಸೇರ್ಕೊಂಡ್ರಲ್ಲ ಮೇಡಂ ಆಗ! ಈಗ ಮಾತ್ರ ಜಡ್ಜ್ ಥರ ಕೂತ್ರೆ ಹೇಗೆ?

ಅವಳು ಹಿಂದೆ ಹೋಗಿ, ಮತ್ತೆ ಬಂದು, ನನ್ನ ಕಾಲಿಗೆ ಈ ಕಂಬಳಿ ಸರಿಯಾಗಿ ಹೊದಿಸಿದ್ಲು. ನಿಮ್ಮ ಹತ್ರ ಪಿಸುಗುಟ್ಟಿದ್ದು ನನಗೂ ಕೇಳಿಸ್ತು. "ಅವರ ಯಜಮಾನ್ರು ಹೇಳಿದ್ರು, ಮಲಗಿದ್ರೆ ಎಬ್ಬಿಸಬೇಡಿ, ಪಾಪ ಮಲಗಲಿ ಅಂತ."

ಪಾಪ ಮಲಗಲಿ ಅಂತ.

ಅವರೇನು ಕೆಲಸ ಮಾಡ್ತಾರೆ ಗೊತ್ತಾ ನಿಮಗೆ? ಗಡಿಯಾರ ರಿಪೇರಿ. ಎರಡು ಕೈಗೂ ವಾಚು ಕಟ್ಕೊಂಡು ಬಂದಿದಾರೆ, ಒಂದು ಹೊರಟ ಊರಿನ ಟೈಮು, ಇನ್ನೊಂದು ಹೋಗೋ ಊರಿನ ಟೈಮು. ಹಾಲಿನವನು ಎರಡು ನಿಮಿಷ ತಡ ಮಾಡಿದ್ರೆ ಬಾಗಿಲಲ್ಲಿ ನಿಂತಿರ್ತಾರೆ. ಮದುವೆಯ ದಿನ ನಾನು ಹನ್ನೆರಡು ನಿಮಿಷ ತಡ ಅಂತ ಇವತ್ತಿಗೂ ಹಂಗಿಸ್ತಾರೆ, ಹನ್ನೆರಡೂವರೆ ಅಂತ ತಿದ್ದಿ ಹಂಗಿಸ್ತಾರೆ! ಅಂಥ ಮನುಷ್ಯನಿಗೆ ಒಂದೂಮುಕ್ಕಾಲು ಗಂಟೆ ಮೇಲಾಗಿದ್ದು ಗೊತ್ತಿಲ್ವಾ? ಒಂದೊಂದು ನಿಮಿಷಾನೂ ಗೊತ್ತು. ಒಂದೊಂದು ನಿಮಿಷಾನೂ ನೋಡ್ತಾ, ಒಂದು ಕೈಯಲ್ಲಿ ಅವಳನ್ನ ಎತ್ಕೊಂಡು, ಸುಮ್ನೆ ಬಿಡ್ತಾ ಇದಾರೆ. ನಾನು ಮಲಗಿದೀನಿ ಅಂತ.

ನಾನೋ, ಒಂದು ಕ್ಷಣ ಮಲಗಿಲ್ಲ! ಇಂಥ ಹಾಸಿಗೆ, ಇಂಥ ಕಂಬಳಿ, ಎಲ್ಲಾ ಇಟ್ಕೊಂಡು ಬರೀ ಮಾತಾಡಿದೆ. ನಿಮಗೆ ಹೇಗೆ ಹೇಳ್ಲಿ… ನಿದ್ದೆಗಿಂತ ಇದೇ ಬೇಕಾಗಿತ್ತು ನನಗೆ. ಹದಿನಾಲ್ಕು ತಿಂಗಳಿಂದ ಒಂದು ಪೂರ್ತಿ ಮಾತು ಆಡಿಲ್ಲ ಮೇಡಂ. "ಬಾಯಿ ತೆಗಿ", "ಅದು ಕಚ್ಚಬಾರದು", "ಹಾಲು ಕಾಸಿದ್ರಾ", "ಯಾರ ಸರದಿ" ಇಷ್ಟೇ. ಒಬ್ರು ಕೂತು ನನ್ನ ಕತೆ ಕೇಳಿ ನಗಬೇಕು, ನಾನು ಟಾರ್ಚಿನವಳು ಅಂತ ಅವರಿಗೆ ಗೊತ್ತಾಗಬೇಕು, ಅಷ್ಟೇ ಆಸೆ ಇತ್ತು. ಅದಕ್ಕೆ ನೀವು 'ಮಕ್ಕಳಿದಾರಾ' ಅಂದಾಗ… ಇದೆ ಅಂದ್ರೆ ಮತ್ತೆ ಅದೇ ಮಾತು ಶುರುವಾಗುತ್ತೆ, ಹಲ್ಲು ಬಂತಾ, ನಡೀತಾಳಾ. ಇಲ್ಲ ಅಂದುಬಿಟ್ಟೆ. ಮೂರು ಸಲ ಅಂದೆ. ಪರದೆ ಆಚೆಗೇ ಅವಳು ಕೂಗ್ತಾ ಇದ್ಲು. ನಾಚಿಕೆ ಆಗುತ್ತೆ, ನಿಜವಾಗ್ಲೂ.

ನಿಲ್ತು! ಕೇಳಿದ್ರಾ? ಅಳು ನಿಲ್ತು. ಮಲಗಿದ್ಲು ಅನ್ಸುತ್ತೆ. ಕೊನೆಗೂ ಬಲಹೆಗಲಿಗೆ ಹಾಕ್ಕೊಂಡಿದಾರೆ.

ನೋಡಿ ಹಾಗಾದ್ರೆ, ಈಗ ಹೋದ್ರೆ ಎಬ್ಬಿಸಿದ ಹಾಗಾಗುತ್ತೆ ಅಲ್ವಾ? ಮಲಗಿದ ಮಗು, ಕೂತ ಅಪ್ಪ, ಇಬ್ರನ್ನೂ ಕದಲಿಸೋದು ಪಾಪ. ಇನ್ನೆಷ್ಟು, ಎರಡು ಗಂಟೆ ಚಿಲ್ಲರೆ. ಅವರಿಗೂ ಹೇಗಿದ್ರೂ ಕೂತಲ್ಲೇ ನಿದ್ದೆ ಬರುತ್ತೆ. ಇಳಿದ ಮೇಲೆ ನಾನು ಒಂದು ವಾರ ಪೂರ್ತಿ ಅವಳನ್ನ ನೋಡ್ಕೋತೀನಿ, ಅವರನ್ನ ಅಕ್ಕನ ಮನೇಲಿ ಮಲಗಿಸ್ತೀನಿ. ಆ ಮೀಸೆಯ ಕತೆ ಅರ್ಧಕ್ಕೇ ನಿಂತಿದೆ ಬೇರೆ, ಅದೊಂದು ಮುಗಿಸಿ…

ಅಲ್ವಾ ಮೇಡಂ?

ಏನಾದ್ರೂ ಅನ್ನಿ.

ಪುಸ್ತಕ ಯಾಕೆ ಮುಚ್ಚಿಟ್ರಿ? ಇಷ್ಟು ಹೊತ್ತು ಇದ್ದ ಬೆರಳು ತೆಗೆದುಬಿಟ್ರಿ, ಪುಟ ತಪ್ಪುತ್ತೆ… ಆ ದೀಪ ಯಾಕೆ? ಓದೋ ದೀಪ ಅದು, ಬಗ್ಗಿಸಿದ್ರೆ ಬಗ್ಗುತ್ತೆ, ಹೌದು, ಎಷ್ಟು ಬೇಕಾದ್ರೂ ಬಗ್ಗುತ್ತೆ. ಯಾಕೆ ನನ್ನ ಕಡೆಗೆ…

ಓ.

ಮೊಣಕಾಲಿಗೇ ಬಿಟ್ರಾ.

ಹ್ಹ! ಸರಿಯಾಗಿ ಚಿಪ್ಪಿನ ಮೇಲೇ! ಒಂದೇ ಸಲ ಹೇಳಿಕೊಟ್ಟಿದ್ದು, ಎಷ್ಟು ಬೇಗ ಕಲಿತುಬಿಟ್ರಿ! ಹನ್ನೊಂದು ವರ್ಷ ಬೆಳಕಿನ ಆ ಕಡೆ ನಿಂತಿದ್ದೆ ಮೇಡಂ, ಈ ಕಡೆ ಹೀಗಿರುತ್ತೆ ಅಂತ ಗೊತ್ತೇ ಇರಲಿಲ್ಲ. ಬೆಚ್ಚಗಿರುತ್ತೆ. ಒಳಗೆ ಏನೇನು ಬಚ್ಚಿಟ್ಟಿದೀವೋ ಎಲ್ಲ ಮೊಣಕಾಲಿನ ಮೇಲೆ ಬಂದು ಕೂರುತ್ತೆ. ಪಾಪ, ಎಷ್ಟು ಅಮ್ಮಂದಿರ ಮೊಣಕಾಲಿಗೆ ಬಿಟ್ಟಿದೀನೋ ನಾನು.

ಮೂರು ನಿಮಿಷ ಕೊಡ್ತೀರಾ? ಬೇಡ. ಒಂದು ಸಾಕು. ಚಪ್ಪಲಿ ಎಲ್ಲಿ… ಇದು ವಿಮಾನದೋರು ಕೊಟ್ಟ ಮೆತ್ತನೆ ಚಪ್ಪಲಿ, ಇದು ಇಲ್ಲೇ ಇರಲಿ, ನಮ್ಮ ಮನೆಯವರಿಗೆ ಆಗುತ್ತೆ. ಶಾಲು, ಚೀಲ, ಕನ್ನಡಕದ ಚೀಲ. ಹಾಸಿಗೆ ಇನ್ನೂ ಬೆಚ್ಚಗಿದೆ, ಒಳ್ಳೇದಾಯ್ತು.

ನೋಡಿ, ಈಗ ಎರಡು ವಾಚು ಕಟ್ಟಿದೋರು ಒಬ್ರು ಬರ್ತಾರೆ. ಎಡಹೆಗಲ ಮೇಲೆ ಹಾಲಿನ ಕಲೆ ಇರುತ್ತೆ, ಅಂಗಿ ಗುಂಡಿ ಒಂದು ತಪ್ಪಿ ಹಾಕಿರ್ತಾರೆ. ಮಾತಾಡಲ್ಲ, ಕೂತ ತಕ್ಷಣ ನಿದ್ದೆ ಹೋಗ್ತಾರೆ. ಅವರದು ನಿಜವಾದ ಗೊರಕೆ, ಟೈ ಸಾಹೇಬ್ರು ಬೆಲ್ ಒತ್ತಿದ್ರೆ ಆಗ ಇಟ್ಟ ಹಾಗೇ ತುಟಿ ಮೇಲೆ ಬೆರಳಿಡಿ. ಎರಡೂ ಗುಂಡಿ ಒಟ್ಟಿಗೆ ಒತ್ತಬೇಕು ಅಂತ ತೋರಿಸಿಕೊಡಿ, ಅವರು ಕೇಳಲ್ಲ, ಸಂಕೋಚದ ಮನುಷ್ಯ. ಆಲೂಗಡ್ಡೆ ಉಳಿದಿದೆ, ಸಣ್ಣಗೆ ಹೆಚ್ಚಿದೀನಿ ಹೇಗಿದ್ರೂ. ಮತ್ತೆ ಆ ಗೊರಕೆ ವಿಷಯ… ಹೇಳಬೇಡಿ ಅನ್ನಲ್ಲ. ನಾನೇ ಹೇಳ್ತೀನಿ, ಈಗಲೇ, ಹಿಂದೆ ಹೋದ ತಕ್ಷಣ. ಬೈಸ್ಕೊಂಡು ಬರ್ತೀನಿ… ಬರಲ್ಲ, ಒಂದೇ ಸಲ ಅಲ್ವಾ ಬದಲಾಯಿಸೋದು.

ಮೀಸೆಯ ಕತೆ ಇಳಿದ ಮೇಲೆ ಲಗೇಜಿನ ಹತ್ರ ಮುಗಿಸ್ತೀನಿ. ಆಗ ಬಟಾಣೀನ ನಿಮ್ಮ ಕೈಗೆ ಕೊಡ್ತೀನಿ, ಬಲಹೆಗಲು ರೆಡಿ ಇಟ್ಕೊಳ್ಳಿ.

ಅಯ್ಯೋ ಅಮ್ಮಾ, ಇನ್ನೂ ಹಾಗೇ ಹಿಡ್ಕೊಂಡಿದೀರಲ್ಲ! ದೀಪ ಆರಿಸಿ. ಎದ್ದಿದೀನಿ.